ಅಪ್ಪ ರಿವೆಟ್ ಹೊಡೆದ ಬ್ರೇಕು

ಗರಗಸದಲ್ಲಿ ಕಬ್ಬಿಣ ಕೊಯ್ಯುವಾಗ ಒಂದು ಸುಟ್ಟ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ಈಗಲೂ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮದೊಂದು ಕ್ವಾರ್ಟರ್ಸ್ ಇತ್ತು. ಈಗ ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಅಡುಗೆಮನೆಯಲ್ಲಿ ಲಂಟಾನ ಬೆಳೆದಿದೆ. ನಿಮಗೂ ಅಂಥದೊಂದು ಮನೆ ಇದ್ದೀತು. ಅಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್, ಕುರ್ಚಿಯ ಕಾಲು ಅಲುಗಾಡಿದರೂ ನಿದ್ದೆ ಬಾರದ ಮನುಷ್ಯ. ಅಂಥವರ ಮಗಳಿಗೆ ಹದಿನಾಲ್ಕನೇ ವಯಸ್ಸಿಗೆ ಹಿಡಿದದ್ದು ಟ್ರ್ಯಾಕ್ ಸೈಕ್ಲಿಂಗ್ ಹುಚ್ಚು, ಮೈದಾನದ ಸುತ್ತ ಸುತ್ತುವ ಸೈಕಲ್ ರೇಸು. ಆ ರೇಸಿನ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗುತ್ತಲೇ ಇರಬೇಕು. ಶಿವಮೊಗ್ಗದ ಕೋಟೆ ಏರಿಯಾದಲ್ಲಿದ್ದ ಹಳೇ ಸೈಕಲ್ ಸವಾರರೊಬ್ಬರಿಂದ ತಂದ ಅದನ್ನು ಅಪ್ಪ ಅಂಗಳದಲ್ಲಿ ತಲೆಕೆಳಗೆ ನಿಲ್ಲಿಸಿ ಸುತ್ತು ಹಾಕಿ ನೋಡಿದರು. "ಇದನ್ನ ಹೀಗೇ ರೋಡಿಗೆ ಬಿಡಲ್ಲ ಮಾರಾಯ್ತಿ" ಅಂದವರು ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಒಂದು ಬ್ರೇಕು ಕೂರಿಸಿಯೇಬಿಟ್ಟರು. ನಾನು ಕದ್ದು ಬಿಚ್ಚಿಯೇನು ಅಂತ ಬೋಲ್ಟ್ ಹಾಕದೆ, ಕೊಯ್ಯದೆ ಬಿಚ್ಚಲಾಗದ ರಿವೆಟ್ ಹೊಡೆದರು. ಬ್ರೇಕು ಇದ್ದರೆ ರೇಸಿಗೇ ಬಿಡುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಶಿವಮೊಗ್ಗದ ಮೈದಾನದಲ್ಲಿ ಸೆಲೆಕ್ಷನ್. ಕ್ರೀಡಾ ಹಾಸ್ಟೆಲಿಗೆ ಇಬ್ಬರೇ ಹುಡುಗಿಯರು ಬೇಕು, ನನ್ನ ವಯಸ್ಸಿಗೆ ಅದೇ ಕೊನೇ ಸಲ. ಸೈಕಲ್ ತಪಾಸಣೆ ಮಾಡುತ್ತಿದ್ದವರು ಬ್ರೇಕಿನ ಮೇಲೆ ಬೆರಳಿಟ್ಟು, "ಇದು ನಡಿಯಲ್ಲಮ್ಮ. ನೀನು ಹಿಡಿದ್ರೆ ಹಿಂದೆ ಬರೋರು ಬಂದು ಗುದ್ತಾರೆ. ಹತ್ತು ನಿಮಿಷದಲ್ಲಿ ತೆಗಿ, ಇಲ್ಲಾ ಮನೆಗೆ ಹೋಗು" ಅಂದರು. ನಾನು ಅಷ್ಟು ಜನರ ಎದುರೇ ಅಪ್ಪನಿಗೆ, "ಎಲ್ಲ ನಿಮ್ಮಿಂದಲೇ ಆಗಿದ್ದು" ಅಂದುಬಿಟ್ಟೆ. ಅಪ್ಪ ಎದುರಿನ ಗ್ಯಾರೇಜಿಗೆ ಓಡಿ ಗರಗಸ ತಂದು ಮಣ್ಣಲ್ಲೇ ಮಂಡಿಯೂರಿದರು. ಬ್ಲೇಡು ಒಂಚೂರು ಜಾರಿ ಫೋರ್ಕಿಗೆ ಕಚ್ಚಿದರೆ, ಓಡುವಾಗ ಅದು ಮುರಿದು ಅಲ್ಲಿಗೆ ಮುಗಿಯಿತು. ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟೂ ತಪ್ಪದ ಅಪ್ಪ ಅವತ್ತು ಎರಡೆರಡು ಸಲ ಬ್ಲೇಡು ಎತ್ತಿ ಮತ್ತೆ ಇಟ್ಟರು. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಎರಡನೇ ಸಲ ಕೂಗಿದಾಗ ಇನ್ನೂ ಒಂದು ರಿವೆಟ್ ಬಾಕಿ. ಅದರ ತಲೆ ಹಾರಿದ್ದೇ ತಡ, ಅಪ್ಪ ಬ್ರೇಕು ಕಿತ್ತು ಜೇಬಿಗೆ ತುರುಕಿಕೊಂಡು, "ಹೋಗು" ಅಂದರು.

ಕೊನೇ ತಿರುವಿನಲ್ಲಿ ನನ್ನ ಮುಂದಿದ್ದವಳು ಧಡಾರನೆ ಬಿದ್ದಳು. ಅವಳ ಚಕ್ರದ ಪಕ್ಕದಲ್ಲೇ ಹೇಗೋ ನುಸುಳಿ ನಾನು ಎರಡನೆಯವಳಾಗಿ ಬಂದೆ, ಆಯ್ಕೆಯಾದೆ. ಕುಣಿಯುತ್ತಾ ಹುಡುಕಿದರೆ ಅಪ್ಪ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತಿದ್ದರು. "ನೋಡಿದ್ರಾ?" ಅಂದೆ. "ಇಲ್ಲ ಕಣೇ, ಆಗ್ಲಿಲ್ಲ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಸ್ಟೆಲ್ ಸೇರಿದ ಮೇಲೆ ಎಷ್ಟೋ ರೇಸಿಗೆ ಇಳಿದೆ, ಒಂದಕ್ಕೂ ಅಪ್ಪ ಬಂದದ್ದನ್ನು ಕಾಣಲಿಲ್ಲ. ಮಗಳ ಆಟವೆಂದರೆ ಇವರಿಗೆ ಅಷ್ಟೇ ಅಂತ ನಾನೂ ಬಿಗಿದುಕೊಂಡೇ ಇದ್ದೆ, ಫೋನಿನಲ್ಲೂ ಎರಡು ಮಾತಿಗೇ ಅಮ್ಮನಿಗೆ ಕೊಡಿ ಅನ್ನುತ್ತಿದ್ದೆ. ಅಪ್ಪ ಹೋದ ಹನ್ನೊಂದನೇ ದಿನ ಅಮ್ಮ ಹೇಳಿದಳು: ರಜೆ ಹಾಕಿ, ಬಸ್ಸು ಹಿಡಿದು ಅವರು ಪ್ರತಿ ರೇಸಿಗೂ ಬರುತ್ತಿದ್ದರಂತೆ. ಒಳಗೆ ಬರುವ ಧೈರ್ಯವಿಲ್ಲದೆ ಗೇಟಿನ ಹೊರಗೇ ನಿಂತಿದ್ದು, ಮುಗಿದ ಮೇಲೆ ವಾಚ್‌ಮನ್‌ನ ಹತ್ತಿರ, "ಯಾರಾದ್ರೂ ಬಿದ್ರಾ?" ಅಂತ ಕೇಳಿಕೊಂಡು ವಾಪಸ್ ಬಸ್ಸು ಹತ್ತುತ್ತಿದ್ದರಂತೆ. ಗೆದ್ದವರು ಯಾರು ಅಂತ ಕೇಳಿದವರೇ ಅಲ್ಲವಂತೆ. ಒಂದು ಸಲ, ಒಂದೇ ಒಂದು ಸಲ ನಾನು ಗೇಟಿನ ತನಕ ಹೋಗಿದ್ದರೆ ಸಿಗುತ್ತಿದ್ದರು.