ವಾಪಸ್ ಕೊಟ್ಟ ಕಾಯಿಲಿನ ಬೆನ್ನು ಹತ್ತಿದ ಪಂಪಮ್ಮ ಮೇಡಂ

ಕೊಪ್ಪಳ ಜಿಲ್ಲೆಯಲ್ಲಿ ಗ್ರಾಹಕರ ಹಕ್ಕನ್ನು ಪಠ್ಯಪುಸ್ತಕದಿಂದ ಎತ್ತಿ ಸಂತೆಗೆ ತಂದವರೆಂದರೆ ವಾಣಿಜ್ಯ ಉಪನ್ಯಾಸಕಿ ಶ್ರೀಮತಿ ಪಂಪಮ್ಮನವರು; ಸಂತೆ ಅವರ ಮಾತು ಕೇಳಿತೇ ಎಂದರೆ, ಎಲ್ಲಿ ಕೇಳುತ್ತದೆ! ಬಿಲ್ ತೆಗೆದುಕೊಳ್ಳಿ, ಐಎಸ್‌ಐ ಗುರುತು ನೋಡಿ ಎಂದು ಹೇಳಿ ಹೇಳಿ ಅವರ ಗಂಟಲು ಒಣಗಿತೇ ಹೊರತು ಊರು ಬದಲಾಗಲಿಲ್ಲ. ಕುಷ್ಟಗಿಯಲ್ಲಿ ಸೇವೆಗೆ ಸೇರಿ, ಯಲಬುರ್ಗಾಕ್ಕೆ ಬಂದ ಅವರು, ಅಲ್ಲಿ ಬೆಳ್ಳಗಾಗುವ ಕ್ರೀಮು ಹಚ್ಚಿ ಮುಖ ಸುಟ್ಟುಕೊಂಡ ವಿದ್ಯಾರ್ಥಿನಿಯನ್ನು ತಾವೇ ಆಸ್ಪತ್ರೆಗೆ ಕರೆದೊಯ್ದು, ಆ ಸುಳ್ಳು ಜಾಹೀರಾತಿನ ಮೇಲೆ ದೂರನ್ನೂ ಬರೆಸಿದರು. ಆ ಪೆದ್ದಿ ನಾನೇ, ಅಮೃತಾ. ಇಂದು ಅವರ ಸಹೋದ್ಯೋಗಿ.

ಗಂಗಾವತಿಗೆ ಬಂದ ಮೇಲೆ ನಡೆದ ಕಾಯಿಲಿನ ಪ್ರಸಂಗ ಅವರ ತಾಳ್ಮೆಯನ್ನೆಲ್ಲ ಹಿಂಡಿತು. ಹತ್ತಿರದ ಮರಳಿ ಗ್ರಾಮದ ಮಾರೆವ್ವ ಬಕೆಟ್ಟಿನಲ್ಲಿ ಮುಳುಗಿಸಿ ನೀರು ಕಾಯಿಸುವ ಕರೆಂಟಿನ ಕಾಯಿಲ್ ಕೊಂಡಿದ್ದಳು. ಡಬ್ಬಿಯ ಮೇಲೆ ‘ಶಾಕ್ ಹೊಡೆಯುವುದೇ ಇಲ್ಲ’ ಎಂದು ದಪ್ಪಕ್ಷರದ ಭರವಸೆ; ಸೊಸೆ ರೂಪಾಳಿಗೆ ಮೊದಲ ದಿನವೇ ಶಾಕ್ ಹೊಡೆದು ಕೈ ಸುಟ್ಟಿತು. ಸುದ್ದಿ ತಿಳಿದ ಪಂಪಮ್ಮನವರು ದೂರು ಸಿದ್ಧಮಾಡಿ ಸಹಿಗೆ ಕರೆದರೆ, ಮಾರೆವ್ವ ಬಂದವಳೇ ಕೇಸೇ ಬೇಡವೆಂದಳು.

“ಅಂಗಡಿಯವ್ರು ಹೊಸಾದು ಕೊಟ್ಟಾರ್ರಿ, ಮ್ಯಾಲ ಚಾ ಕುಡಿಸ್ಯಾರ. ಇನ್ನ ಅವರ ಮ್ಯಾಲ ಯಾಕ್ರಿ ಕೇಸು?”

“ಕೈ ಸುಟ್ಟ ಕಾಯಿಲ್ ಎಲ್ಲಿ ಐತಿ?”

“ಅಂಗಡ್ಯಾಗ ಬಿಟ್ಟು ಬಂದೇನ್ರಿ.”

ಪಂಪಮ್ಮನವರು ತಲೆ ಚಚ್ಚಿಕೊಂಡರು. ನಮ್ಮ ಕಡೆ ಎಲ್ಲ ಜಗಳವೂ ಹೀಗೇ ಮುಗಿಯುತ್ತದೆ: ಬದಲಿ ಸಿಕ್ಕಿತು, ಚಹಾ ಆಯಿತು, ಕೆಟ್ಟ ಮಾಲು ಮತ್ತೊಬ್ಬರ ಮನೆ ಸೇರಿತು. ಕಾನೂನು ಪರಿಹಾರ ಕೊಡಿಸಿ ಸುಮ್ಮನಾಗುವುದಿಲ್ಲ, ಅಪಾಯದ ಮಾಲನ್ನು ಮಾರುಕಟ್ಟೆಯಿಂದಲೇ ಹಿಂತೆಗೆಸುತ್ತದೆ ಎಂದು ಅವರು ವರ್ಷವರ್ಷ ಪಾಠ ಮಾಡಿದ್ದು ಯಾರ ಕಿವಿಗೆ ಹೋಗಿತ್ತೋ! ಅಂಗಡಿಗೆ ಹೋಗಿ ಮಾಲೀಕ ಪ್ರಭುರಾಜನನ್ನು ಕೇಳಿದರೆ, ರಿಪೇರಿ ಮಾಡಿಸಿ ಮಾರಿದೆನೆಂದ. ಯಾರಿಗೆ ಎಂದರೆ ನೆನಪಿಲ್ಲವೆಂದು ಮುಖ ತಿರುಗಿಸಿದ. ಬಿಲ್ಲಂತೂ ಇಲ್ಲ.

ಅವರಿಗೆ ಅನ್ನ ರುಚಿಸಲಿಲ್ಲ. ಯಾರ ಮನೆಯ ಬಕೆಟ್ಟಿನಲ್ಲಿ ಆ ಕಾಯಿಲ್ ಮುಳುಗಿದೆಯೋ ಎಂಬ ಹೆದರಿಕೆ. ಮರುದಿನ ಆಟೋಕ್ಕೆ ಮೈಕ್ ಕಟ್ಟಿಸಿ, ಕಾಯಿಲಿನ ಗುರುತು ಹೇಳುತ್ತ, ಅದನ್ನು ಪ್ಲಗ್ಗಿಗೆ ಹಾಕಬೇಡಿರೆಂದು ತಾವೇ ಓಣಿಓಣಿ ಕೂಗಿದರು. ಪ್ರಭುರಾಜ ಓಡಿಬಂದು ಆಟೋ ತಡೆದ.

“ಮೇಡಂ, ಮೈಕ್ ಬಂದ್ ಮಾಡಸ್ರಿ. ಅದು ನಿಮ್ಮ ಮನ್ಯಾಗನ ಐತಿ. ಬಿಲ್ ಬ್ಯಾಡ, ರೇಟ್ ಕಡಿಮಿ ಮಾಡು, ಮನ್ಯಾಗ ಹೇಳಬ್ಯಾಡ ಅಂತ ಸರ್ ಅಂದಿದ್ರು.”

ಸರ್ ಎಂದರೆ ಅವರ ಯಜಮಾನರು, ಕಲ್ಲೇಶಪ್ಪನವರು. ಮನೆಗೆ ಧಾವಿಸಿದಾಗ ಬಚ್ಚಲಲ್ಲಿ ಬಕೆಟ್ ತುಂಬಿತ್ತು, ಕಾಯಿಲ್ ಅದರೊಳಗಿತ್ತು. ನೀರು ಕಾಯಿತೇ ಎಂದು ಬೆರಳಿಟ್ಟು ನೋಡುವ ಅಭ್ಯಾಸದ, ಪಂಪಮ್ಮನವರ ವಯಸ್ಸಾದ ತಾಯಿ ಸೆರಗು ಸಿಕ್ಕಿಸಿ ನಿಂತಿದ್ದರು. ಆ ಹೊತ್ತಿಗೆ ಕರೆಂಟ್ ಹೋಗಿದ್ದಕ್ಕೆ ಎಲ್ಲರೂ ಉಳಿದರು. ಪ್ಲಗ್ ಕಿತ್ತ ಪಂಪಮ್ಮನವರು ಬಚ್ಚಲ ಬಾಗಿಲಲ್ಲೇ ಕುಸಿದು ಕೂತು ಅತ್ತರು. ಆಮೇಲೆ ಕಲ್ಲೇಶಪ್ಪನವರಿಗೆ ಏನು ಹೇಳಿದರೆಂಬುದನ್ನು ಅವರ ನಿವೃತ್ತಿಯ ಈ ಗೌರವ ಸಂಪುಟದಲ್ಲಿ ಬರೆಯಲಾಗದು.

ಅದೇ ಕಾಯಿಲ್ ಹಿಡಿದು ಅವರು, ಇದನ್ನು ಕೇಳಿ ಕೇಸಿಗೆ ಒಪ್ಪಿದ ಮಾರೆವ್ವನೊಂದಿಗೆ ಕೊಪ್ಪಳದ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಪ್ರಭುರಾಜನೂ ನಾಚಿಕೊಂಡು ಬಂದು ಸಾಕ್ಷಿ ಹೇಳಿದ. ರೂಪಾಳಿಗೆ ಪರಿಹಾರ ಬಂತು, ಆ ಮಾಲು ಅಂಗಡಿಗಳಿಂದ ಹಿಂದಕ್ಕೆ ಹೋಯಿತು, ಡಬ್ಬಿಯ ಸುಳ್ಳು ಮಾತೂ ಅಳಿಯಿತು.

ಇಂಥ ಪಂಪಮ್ಮನವರು ನೂರು ವರ್ಷ ಬಾಳಲಿ, ನಿವೃತ್ತಿಯ ನೆಪ ಹೇಳಿ ನಮ್ಮನ್ನು ಬೈಯುವುದನ್ನು ಬಿಡದಿರಲಿ. ಅವರ ಮನೆಯಲ್ಲಿ ಈಗ ಕಟ್ಟಿಗೆ ಒಲೆಯ ಮೇಲೆ ನೀರು ಕಾಯುತ್ತದೆ. ಬೆಳಿಗ್ಗೆ ಎದ್ದು ಉರಿ ಹಾಕುವ ಕಲ್ಲೇಶಪ್ಪನವರಿಗೂ ಅಷ್ಟೇ ದೀರ್ಘಾಯುಷ್ಯವನ್ನು ಹಾರೈಸುತ್ತೇನೆ.