ಪಿರಿಯಾಪಟ್ಟಣದ ಗೋಡೆಯಲ್ಲಿ ನಮ್ಮಜ್ಜಿ

ಮೊನ್ನೆ ಒಂದು ಹಳೆಯ ಫೋಟೋ ಸ್ಟುಡಿಯೋಗೆ ಹೋದಾಗ ಒಳಗಿನ ಕತ್ತಲೆ ಕೋಣೆಯಿಂದ ಪಟ ತೊಳೆಯುವ ಹೈಪೋ ವಾಸನೆ ಬಂತು. ಹುಳಿ ಬೆರೆತ ಗಂಧಕದ ಆ ವಾಸನೆಗೆ ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ಮಹಾರಾಜರ ಕಾಲದ ಹುಣಸೂರಿನಲ್ಲಿ, ನಮ್ಮ ಮನೆಯ ರಾಗಿ ಮೂಟೆಗಳ ಕೋಣೆಯ ತುಂಬ ಇದೇ ವಾಸನೆ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಲಾಟೀನಿಗೆ ಕೆಂಪು ಕಾಗದ ಸುತ್ತಿಕೊಂಡು ಅಲ್ಲಿ ಪಟ ಮೂಡುವ ಗಾಜಿನ ಪ್ಲೇಟು ತೊಳೆಯುತ್ತಿದ್ದ. ಹೊಗೆಸೊಪ್ಪಿನ ಮಂಡಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಳೇ ಕ್ಯಾಮೆರಾವೊಂದು ಗಂಟುಬಿದ್ದಿತ್ತು. ಮೊದಮೊದಲು ಲಕ್ಷ್ಮಣತೀರ್ಥ ಹೊಳೆಯಲ್ಲಿ ಬಿದ್ದುಕೊಂಡ ಎಮ್ಮೆಗಳು, ಆಮೇಲೆ ಕಂಡಕಂಡವರ ಮುಖ. ಹುಚ್ಚು ನೆತ್ತಿಗೇರಿ ಮಂಡಿ ಕೆಲಸ ಬಿಟ್ಟು, ಸಂತೆಯಲ್ಲಿ ಚಾಪೆ ಹಾಸಿ ಪಟ ಮಾರಲು ಕೂತ. ಹಿತ್ತಿಲ ಬಿಸಿಲಿನಲ್ಲಿ ಕಾಗದದ ಮೇಲೆ ಮುಖಗಳು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ನಾನು ಊಟ ಮರೆಯುತ್ತಿದ್ದೆ.

ಅಜ್ಜಿ ಮಾತ್ರ ಕ್ಯಾಮೆರಾದ ಹತ್ತಿರವೂ ಸುಳಿಯುತ್ತಿರಲಿಲ್ಲ. "ಪಟ ಹಿಡಿಸ್ಕೊಂಡ್ರೆ ಆಯಸ್ಸು ಕಮ್ಮಿಯಾಯ್ತದೆ ಕಣ್ಲಾ" ಎಂದು ಚಿಕ್ಕಪ್ಪನಿಗೆ ಅನ್ನುತ್ತಿದ್ದಳು. ಕೊನೆಗೆ ಮಗನ ಗೋಗರೆತಕ್ಕೆ ಸೋತು, ತಲೆಯ ಮೇಲೆ ಸೆರಗು ಹೊದ್ದು ಒರಳುಕಲ್ಲಿನ ಪಕ್ಕ ಕೂತಳು. ಆ ಪಟವೇ ಸಂತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಯಿತು! ಚಿಕ್ಕಪ್ಪ ತನ್ನ ಕೈಚಳಕವೆಂದು ಬೀಗಿದ. "ಹೆತ್ತವ್ವನ್ನೇ ಸಂತೇಲಿ ಮಾರ್ತಾವ್ನೆ" ಎಂದು ಅಪ್ಪ ರೇಗಿಸಿದರು. ಯಾರದೋ ಮನೆಯ ಮುದುಕಿಯ ಪಟ ಜನಕ್ಕೆ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಒಂದನ್ನು ತೂಗುಹಾಕಲು ಹೋದರೆ ಅಜ್ಜಿ ಗದರಿದಳು: "ಗೋಡೆ ಮ್ಯಾಲೆ ಕೂರಕ್ಕೆ ನಾನೇನು ಸತ್ತೋಗಿವ್ನಾ?"

ಆ ವರ್ಷವೇ ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆ. ಮದುವೆಮನೆಯಲ್ಲಿ ಜಾಗ ಸಾಲದೆ ಅಜ್ಜಿ, ಚಿಕ್ಕಪ್ಪ ಮತ್ತು ನನ್ನನ್ನು ಪಕ್ಕದ ಮನೆಯಲ್ಲಿ ಇಳಿಸಿದರು. ನೀರು ಹಿಡಿದು ಬಂದ ಮನೆಯಾಕೆ ಅಜ್ಜಿಯ ಮುಖ ನೋಡಿದ್ದೇ ತಡ, ಚೊಂಬು ಕೈಜಾರಿ ಠಣ್ಣೆಂದಿತು. ಆಕೆ ಹಿಂದೆ ಸರಿದು ಗೋಡೆಗೆ ಒರಗಿದಳು. ನಾನು ಆ ಗೋಡೆಯ ಕಡೆ ನೋಡಿದೆ. ಅಲ್ಲಿ ನಮ್ಮಜ್ಜಿ ಇದ್ದಳು. ಕೊರಳಿಗೆ ಸೇವಂತಿಗೆ ಹಾರ, ಮುಂದೆ ದೀಪ, ಗಂಡ ಸತ್ತ ಮೇಲೆ ಬರಿದಾಗಿದ್ದ ಹಣೆಯಲ್ಲಿ ಅಗಲವಾದ ಕುಂಕುಮ. ಪಕ್ಕದಲ್ಲಿ ಉಸಿರಾಡುತ್ತ ನಿಂತವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಎದರ್ಬ್ಯಾಡ ಕಣವ್ವ, ನಾನು ಬದುಕಿವ್ನಿ" ಎಂದಳು ಅಜ್ಜಿ.

ಆಕೆ ಕಾಲಿಗೆ ಬಿದ್ದಳು. "ನಮ್ಮತ್ತೆ ಪ್ಲೇಗಲ್ಲಿ ಹೋದ್ರು ಕಣವ್ವ. ಒಂದು ಪಟಾನೂ ಇರ್ನಿಲ್ಲ. ಉಣಸೂರು ಸಂತೇಲಿ ಇದ ನೋಡಿ, ನಮ್ಮವ್ವನಂಗೇ ಅವ್ಳೆ ಅಂತ ನಮ್ಮನೆಯವರು ತಂದ್ರು. ತಪ್ಪಾಯ್ತು, ತೆಗೆದ್‌ಬುಡ್ತೀನಿ."

ಅಜ್ಜಿ ಬಹಳ ಹೊತ್ತು ತನ್ನನ್ನೇ ನೋಡಿಕೊಂಡಳು. "ಬುಡವ್ವ, ಇರ್ಲಿ. ನಿಮ್ಮತ್ತೆ ಅಂತ ಕೂರ್ಸಿದ್ದೀಯ, ಎಬ್ಬಿಸ್ಬ್ಯಾಡ."

ಚಿಕ್ಕಪ್ಪ ಮಾರಿದ ಅಷ್ಟೂ ಪಟಗಳು ಎಷ್ಟು ಮನೆಗಳಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದವೋ! ಊರಿಗೆ ಬಂದವನೇ ಅಜ್ಜಿಯ ಪಟದ ಗಾಜಿನ ಪ್ಲೇಟನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ. ಉಳಿದಿದ್ದ ಪಟಗಳನ್ನು ಒಲೆಗೆ ಹಾಕಿದ. ಅವ್ವನ ಆಯಸ್ಸು ಉಳಿಯಲಿ ಎಂದು ಹಾಗೆ ಮಾಡಿದ, ಪಾಪ. ಆದರೆ ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅಜ್ಜಿ ಹೋಗಿಯೇಬಿಟ್ಟಳು. ಹನ್ನೊಂದನೆಯ ದಿನ ಹೂವಿನ ಹಾರ ತಂದು, ಹಾಕಲು ಪಟವಿಲ್ಲದೆ ನಿಂತಾಗ ಅವನು ಅತ್ತದ್ದನ್ನು ನಾನು ಮರೆಯಲಾರೆ. "ಊರಿಗೆಲ್ಲ ಕೊಟ್ಟೆ, ನಮಗೊಂದು ಇಟ್ಕೊಳ್ನಿಲ್ವಲ್ಲವ್ವ" ಎಂದು ಗೋಳಾಡಿದ. ಕ್ಯಾಮೆರಾ ಅಟ್ಟ ಸೇರಿತು. ಈಗ ಆ ಅಟ್ಟವೂ ಇಲ್ಲ, ಮನೆಯೂ ಇಲ್ಲ. ನಿಮ್ಮ ಮನೆಯ ಗೋಡೆಯಲ್ಲೂ ತಲೆಗೆ ಸೆರಗು ಹೊದ್ದ ಹಳೆಯ ಪಟವೊಂದಿದ್ದರೆ, ದಯವಿಟ್ಟು ಒಮ್ಮೆ ಸರಿಯಾಗಿ ನೋಡಿ.

ನನ್ನ ತಲೆ ನರೆತ ಮೇಲೆ, ಮನಸ್ಸು ತಡೆಯದೆ ಪಿರಿಯಾಪಟ್ಟಣದ ಆ ಮನೆ ಹುಡುಕಿಕೊಂಡು ಹೋದೆ. ಮನೆಯಾಕೆ ತೀರಿಕೊಂಡಿದ್ದಳು. ಪಟ ಅಲ್ಲೇ ಇತ್ತು, ಹಾರ ಹೊಸದು. ಕೇಳಿ ತರಬೇಕೆಂದೇ ಹೋಗಿದ್ದೆ. ದೀಪ ಹಚ್ಚುತ್ತಿದ್ದ ಪುಟ್ಟ ಹುಡುಗಿ ಹೆಮ್ಮೆಯಿಂದ, "ನಮ್ಮ ಮುತ್ತಜ್ಜಿ. ಪ್ಲೇಗಲ್ಲಿ ಹೋದ್ರಂತೆ" ಎಂದಳು. ಹುಡುಗಿ ಒಮ್ಮೆ ಪಟವನ್ನು, ಒಮ್ಮೆ ನನ್ನನ್ನು ನೋಡಿ ಕಣ್ಣರಳಿಸಿದಳು.

"ಥೇಟ್ ನಿಮ್ಮಂಗೇ ಅವ್ರೆ ಕಣಜ್ಜಿ!"

"ಹೌದಾ ಮಗ?" ಎಂದು ಅವಳ ಕೈಯಿಂದ ಒಂದು ಹೂ ಇಸಕೊಂಡು ಪಟಕ್ಕೆ ಏರಿಸಿ ಬಂದೆ.