ನಲ್ಲಿ ಮುಂದಿನ ಮಹಾಯುದ್ಧ

ಎರಡನೇ ಮಹಾಯುದ್ಧ ಪೋಲೆಂಡಿನಲ್ಲಿ ಶುರುವಾಯಿತೋ, ಅದಕ್ಕೂ ಮುಂಚೆ ಚೀನಾದಲ್ಲೇ ಶುರುವಾಗಿತ್ತೋ ಅಂತ ಇತಿಹಾಸಕಾರರು ಇನ್ನೂ ಕಿತ್ತಾಡುತ್ತಾರೆ. ಎಂಬತ್ತರ ದಶಕದಲ್ಲೊಂದು ದಿನ ಕಾಲೇಜಿನಲ್ಲಿ ಅದೇ ಪಾಠ ಮಾಡಿ ಜಯನಗರದ ನಮ್ಮ ವಠಾರಕ್ಕೆ ಬಂದರೆ, ನಲ್ಲಿ ಮುಂದೆ ಇಬ್ಬರು ಹೆಂಗಸರ ಜಗಳ.

"ಮೇಷ್ಟ್ರೇ, ನೀವೇ ಹೇಳಿ. ಇವತ್ತು ನನ್ನ ಬಿಂದಿಗೆ ಪಕ್ಕಕ್ಕಿಟ್ಟಿದ್ದು ಇವ್ರೇ," ಎಂದರು ಶಾರದಮ್ಮ.

"ಇವತ್ತಿಂದ ಯಾಕೆ ಶುರು ಮಾಡ್ತೀರಿ? ಯುಗಾದಿ ದಿನ ನನ್ನ ಬಕೆಟ್ ಒದ್ದಿದ್ಯಾರು?" ಎಂದರು ಪಕ್ಕದ ಮನೆ ಲಲಿತಮ್ಮ.

ಗಲಾಟೆ ಕೇಳಿ ವಠಾರದ ಓನರೂ ಬಂದರು. ನಾನಿನ್ನೂ ಪಾಠದ ಗುಂಗಿನಲ್ಲೇ ಇದ್ದೆ. "ಮೂಲ ಇನ್ನೂ ಹಿಂದಿದೆ. ಇಷ್ಟೂ ಮನೆಗೆ ಒಂದೇ ನಲ್ಲಿ ಹಾಕಿಸಿದ ದಿನವೇ ಯುದ್ಧ ಶುರು," ಎಂದೆ.

ಹೆಂಗಸರಿಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಓನರ್ ಮಾತ್ರ, "ಮೇಷ್ಟ್ರೇ, ಮನೆ ಯಾವಾಗ ಖಾಲಿ ಮಾಡ್ತೀರಿ?" ಎಂದರು.

ನನಗೂ ಅವರಿಗೂ ಯುದ್ಧ ಶುರುವಾದ ಗಳಿಗೆಯ ಬಗ್ಗೆ ವಠಾರದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.